ನುಂಗಿದ ಮಾತುಗಳು

ಬೋರ್ಡು ಬಂದದ್ದು ಮಾರ್ಚ್ ತಿಂಗಳ ಒಂದು ಸೋಮವಾರ. ಇಸ್ಪೀಟ್ ಎಲೆಗಿಂತ ತುಸು ದೊಡ್ಡದು, ಹಸಿರು ಬಣ್ಣ, ನಡುವೆ ಹೆಬ್ಬೆರಳ ಉಗುರಿನಷ್ಟು ಕರಿಯ ಚಿಪ್. ಗದಗಿನ ಮಹಿಳಾ ಪಾಲಿಟೆಕ್ನಿಕ್ಕಿನ ಪ್ರಯೋಗಾಲಯದಲ್ಲಿ ಉಪನ್ಯಾಸಕಿ ವಿಶಾಲಾಕ್ಷಿ ಪತ್ತಾರ ಅದನ್ನು ಪೊಟ್ಟಣದಿಂದ ತೆಗೆದು ಕಂಪ್ಯೂಟರಿಗೆ ಜೋಡಿಸಿದಳು. ಬೋರ್ಡಿನ ದೀಪವೇನೋ ಹತ್ತಿತು. ಆದರೆ ತನಗೆ ಹೊಸದೊಂದು ವಸ್ತು ತಗುಲಿಕೊಂಡಿದೆ ಎಂಬುದನ್ನು ಕಂಪ್ಯೂಟರ್ ಒಪ್ಪಲೇ ಇಲ್ಲ.

ಆ ದಿನವೆಲ್ಲ ಅವಳು ಕೂತಲ್ಲಿ ಕೂರಲಿಲ್ಲ. ತಂತ್ರಾಂಶವನ್ನು ಅಳಿಸಿ ಮತ್ತೆ ಹಾಕಿದಳು. ಬೋರ್ಡಿನ ಮೂಲೆಯ ಪುಟ್ಟ ಟೋಪಿಯಂಥ ಜಂಪರನ್ನು ಒಂದು ಜೋಡಿ ಮುಳ್ಳಿನಿಂದ ಕಿತ್ತು ಇನ್ನೊಂದಕ್ಕೆ ತೊಡಿಸಿದಳು. ಕೈಪಿಡಿಯನ್ನು ನಾಲ್ಕು ಸಲ ಓದಿದಳು. ಮರುದಿನ ಪಾಠದ ನಡುವೆ ಏನೋ ಹೊಳೆದು, ಹುಡುಗಿಯರಿಗೆ ಲೆಕ್ಕವೊಂದನ್ನು ಕೊಟ್ಟು ಪ್ರಯೋಗಾಲಯಕ್ಕೆ ಓಡಿಬಂದು ಕೇಬಲ್ ಬದಲಿಸಿದಳು. ಹಿಂದಿನ ದಿನ ಹಾಕಿದ್ದು ಫೋನ್ ಚಾರ್ಜ್ ಮಾಡುವ ಕೇಬಲ್. ಅದರೊಳಗೆ ವಿದ್ಯುತ್ತಿನ ತಂತಿಗಳಿದ್ದವು, ಸುದ್ದಿ ಸಾಗಿಸುವ ತಂತಿಗಳಿರಲಿಲ್ಲ. ಹೊಸ ಕೇಬಲ್ಲಿಗೆ ಬೋರ್ಡು ತಕ್ಷಣ ಓಗೊಟ್ಟಿತು. ಎಲ್ಲರೂ ಮೊದಲು ಬರೆಯುವ ಪ್ರೋಗ್ರಾಮನ್ನೇ ಅವಳೂ ಬರೆದಳು: ದೀಪ ಒಂದು ಸೆಕೆಂಡ್ ಹತ್ತಬೇಕು, ಒಂದು ಸೆಕೆಂಡ್ ಆರಬೇಕು. ದೀಪ ಮಿಟುಕಿತು.

ವಿಶಾಲಾಕ್ಷಿಗೆ ಮೂವತ್ತೊಂಬತ್ತು ವರ್ಷ. ಬೆಟಗೇರಿಯ ಅಕ್ಕಸಾಲಿಗ ಪತ್ತಾರರ ಮನೆಯವಳು. ಅಪ್ಪ ವೀರಭದ್ರಪ್ಪ ಇಂದಿಗೂ ಕುಲುಮೆಯ ಮುಂದೆ ಕೂತು ಕಾಲುಂಗುರ ಬೆಸೆಯುತ್ತಾರೆ. ಬೆಸುಗೆಯ ಕೈ ಅವಳಿಗೆ ಬಂದದ್ದು ಅಲ್ಲಿಂದಲೇ. ಹೊಸ ಚಿಪ್ ಏನು ಮಾಡಬಲ್ಲದು ಎಂದು ಪರೀಕ್ಷಿಸಿ ನೋಡಲೆಂದೇ ಕಂಪನಿಗಳು ಇಂಥ ಬೋರ್ಡುಗಳನ್ನು ಮಾಡುತ್ತವೆ. ಈ ಚಿಪ್ಪಿನ ವಿಶೇಷವೆಂದರೆ ಅದು ತೋರಿಸಿದ್ದನ್ನು ಕಲಿಯುತ್ತಿತ್ತು. ಒಂದು ಕಂಪನಿ ಮಾತು ಗುರುತಿಸುವ ಪ್ರಯೋಗಕ್ಕೆಂದು ಐದು ಕಾಲೇಜುಗಳಿಗೆ ಒಂದೊಂದು ಬೋರ್ಡು ಕೊಟ್ಟಿತ್ತು. ಆರು ತಿಂಗಳ ಕೊನೆಗೆ ಬೋರ್ಡು ದಾಖಲಿಸಿದ್ದನ್ನೆಲ್ಲ ಕಳಿಸಬೇಕು, ಮೆಚ್ಚುಗೆಯಾದ ಕಾಲೇಜಿಗೆ ಇನ್ನೂ ಇಪ್ಪತ್ತು ಬೋರ್ಡು ಬರುತ್ತವೆ ಎಂಬುದು ಷರತ್ತು.

ಮಾತು ಹುಟ್ಟುವುದು ಗಂಟಲಲ್ಲಿ ಅಲ್ಲ ಎಂಬುದೇ ಅವಳ ಯೋಜನೆಯ ಬುಡ. ಮಾತಾಡಬೇಕೆನ್ನಿಸಿದ ಕೂಡಲೇ ಮಿದುಳು ನಾಲಿಗೆಗೆ, ದವಡೆಗೆ, ತುಟಿಗೆ ಅಪ್ಪಣೆ ಕಳಿಸುತ್ತದೆ. ಆ ಅಪ್ಪಣೆ ಸ್ನಾಯುವಿಗೆ ಮುಟ್ಟಿದಾಗ ಮೇಲಿನ ಚರ್ಮದಲ್ಲಿ ವೋಲ್ಟಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ವಿದ್ಯುತ್ತು ಮಿಡಿಯುತ್ತದೆ. ಗದ್ದದ ಕೆಳಗೆ ನಾಲ್ಕು ಲೋಹದ ಬಿಲ್ಲೆ ಅಂಟಿಸಿ ಆ ಮಿಡಿತವನ್ನು ಹಿಡಿದರೆ, ಯಾವ ಮಿಡಿತ ಯಾವ ಅಕ್ಷರದ್ದು ಎಂದು ಚಿಪ್ಪಿಗೆ ಕಲಿಸಿದರೆ, ಗಂಟಲೇ ಇಲ್ಲದವರೂ ಮಾತಾಡಬಹುದಲ್ಲ?

ಗಂಟಲಿಲ್ಲದವರು ಯಾರೆಂದು ಹುಡುಕುವ ಅಗತ್ಯ ಅವಳಿಗೆ ಬೀಳಲಿಲ್ಲ. ಅದು ಊರಿಗೇ ಗೊತ್ತಿತ್ತು.

*

ಕಸ್ತೂರಿ ಬೆಂತೂರ ಇಪ್ಪತ್ತೇಳು ವರ್ಷ ಗದಗಿನ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೆಸರು ಕೂಗಿದವರು. ಲಕ್ಷ್ಮೇಶ್ವರ, ಮುಂಡರಗಿ, ರೋಣ, ಗಜೇಂದ್ರಗಡ ಎಂದು ಅವರ ಬಾಯಲ್ಲಿ ಕೇಳಿದರೆ ಆ ಊರುಗಳು ಇದ್ದದ್ದಕ್ಕಿಂತ ಹತ್ತಿರ ಬಂದಂತೆ ಅನ್ನಿಸುತ್ತಿತ್ತು. ಹೋದ ವರ್ಷ ಗಂಟಲಿಗೆ ಕ್ಯಾನ್ಸರ್ ಬಂದು ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಈಗ ಕೊರಳ ಬುಡದಲ್ಲಿ ಉಸಿರಾಡಲು ಒಂದು ರಂಧ್ರ, ಅದರ ಮೇಲೆ ತೆಳು ಬಟ್ಟೆ. ತುಟಿ ಆಡುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಗಂಡ ಫಕೀರಪ್ಪ ನಿವೃತ್ತ ಕಂಡಕ್ಟರ್, ಅಡುಗೆಯೂ ಈಗ ಅವರದೇ. ಒಬ್ಬಳೇ ಮಗಳು ದಾಕ್ಷಾಯಣಿ ಸಬ್ ಇನ್ಸ್‌ಪೆಕ್ಟರ್ ಆಗಿ ಆಯ್ಕೆಯಾಗಿ ಕಲಬುರಗಿಯಲ್ಲಿ ತರಬೇತಿಯಲ್ಲಿದ್ದಳು. ಆಗಸ್ಟ್ ಕೊನೆಗೆ ಅವಳ ತರಬೇತಿ ಮುಗಿಯುವುದಿತ್ತು.

ಏಪ್ರಿಲ್ ತಿಂಗಳಿಡೀ ಕಸ್ತೂರಕ್ಕ ದಿನವೂ ಹನ್ನೊಂದಕ್ಕೆ ಪ್ರಯೋಗಾಲಯಕ್ಕೆ ಬಂದರು. ವಿಶಾಲಾಕ್ಷಿ ಬಿಲ್ಲೆಗಳನ್ನು ಅಂಟಿಸುವಳು. ಗೋಡೆಯ ಮೇಲೆ ಬರೆದ ಮಾತುಗಳನ್ನು ಕಸ್ತೂರಕ್ಕ ಸದ್ದಿಲ್ಲದೆ ಓದುವರು. ಬೋರ್ಡು ಕಲಿಯುವುದು. ತಲೆಯ ಮೇಲಿನ ಫ್ಯಾನ್ ತಿರುಗಿದರೆ ಅದರ ವಿದ್ಯುತ್ತಿನ ಗುಂಯ್‌ಗುಡುವಿಕೆ ಬಿಲ್ಲೆಯೊಳಗೆ ಸೇರಿ ಎಲ್ಲ ಕಲಸಿಹೋಗುತ್ತಿತ್ತು. ಹಾಗಾಗಿ ಗದಗಿನ ಏಪ್ರಿಲ್ ಬಿಸಿಲಿನಲ್ಲಿ ಇಬ್ಬರೂ ಫ್ಯಾನಿಲ್ಲದೆ ಬೆವರುತ್ತ ಕೂರುತ್ತಿದ್ದರು. ಧ್ವನಿಗೇನೂ ತೊಂದರೆಯಿರಲಿಲ್ಲ. ನಿಲ್ದಾಣದಲ್ಲಿ ಧ್ವನಿಮುದ್ರಿಸಿಟ್ಟ ಅವರದೇ ಕೂಗು ಗಂಟೆಗಟ್ಟಲೆ ಸಿಕ್ಕಿತ್ತು. ಅದನ್ನು ವಿಶಾಲಾಕ್ಷಿ ಅಕ್ಷರ ಅಕ್ಷರವಾಗಿ ಕತ್ತರಿಸಿ ಒಂದು ಮೆಮೊರಿ ಕಾರ್ಡಿಗೆ ತುಂಬಿದ್ದಳು.

ಹತ್ತೊಂಬತ್ತನೆಯ ದಿನ ಕಸ್ತೂರಕ್ಕ ಓದುವುದನ್ನು ನಿಲ್ಲಿಸಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಮೇಜಿನ ಮೇಲಿನ ಪುಟ್ಟ ಸ್ಪೀಕರ್ ತನ್ನಷ್ಟಕ್ಕೆ ಮಾತಾಡಿತು.

"ಧಗಿ ಆಗಾಕತ್ತೈತಿ. ಫ್ಯಾನ್ ಹಚ್ಚಬಾರದ ಈಕಿ?"

ಅದೇ ಬಸ್ ನಿಲ್ದಾಣದ ಧ್ವನಿ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ವಿಶಾಲಾಕ್ಷಿ ನಕ್ಕಳು. ಕಸ್ತೂರಕ್ಕನ ಭುಜ ಅಲುಗಿತು, ಅವರು ನಗುತ್ತಿದ್ದರೋ ಅಳುತ್ತಿದ್ದರೋ ಮೊದಲಿಗೆ ತಿಳಿಯಲಿಲ್ಲ. ಬಾಗಿಲ ಹೊರಗೆ ಕೂತಿದ್ದ ಫಕೀರಪ್ಪ ಒಳಗೆ ಬಂದು, ಇನ್ನೊಮ್ಮೆ ಏನಾದರೂ ಅನ್ನು ಎಂದು ಹೆಂಡತಿಯನ್ನು ಕೇಳಿ, ಅವರು ತಮ್ಮ ಹೆಸರು ಹಿಡಿದು ಕರೆದದ್ದನ್ನು ಕೇಳಿ, ಗೋಡೆಗೆ ಮುಖ ತಿರುಗಿಸಿಕೊಂಡು ನಿಂತರು. ಆ ಸಂಭ್ರಮದಲ್ಲಿ ವಿಶಾಲಾಕ್ಷಿ ಒಂದು ವಿಷಯ ಗಮನಿಸಲಿಲ್ಲ. ಫ್ಯಾನಿನ ಮಾತು ಹೊರಬಿದ್ದಾಗ ಕಸ್ತೂರಕ್ಕನ ತುಟಿ ಮುಚ್ಚಿತ್ತು.

*

ಬೋರ್ಡನ್ನು ಬ್ಯಾಟರಿಯ ಜೊತೆ ಒಂದು ಸೋಪಿನ ಡಬ್ಬಿಯಲ್ಲಿ ಕೂರಿಸಿ ವಿಶಾಲಾಕ್ಷಿ ಮನೆಗೆ ಕಳಿಸಿದಳು. ಮೊದಲ ವಾರ ಆ ಓಣಿಗೇ ಹಬ್ಬ. ಜನ ಬಂದು ಬಂದು ಕಸ್ತೂರಕ್ಕನನ್ನು ಮಾತಾಡಿಸಿದರು. ಹುಬ್ಬಳ್ಳಿ ಬಸ್ಸು ಕೂಗಿ ತೋರಿಸಿರೆಂದು ಕೇಳಿಕೊಂಡರು.

ಆಮೇಲೆ ಒಂದು ಮಧ್ಯಾಹ್ನ ಫಕೀರಪ್ಪ ಜೋಳದ ನುಚ್ಚಿಗೆ ಮಜ್ಜಿಗೆ ಹಾಕಿ ಮುಂದಿಟ್ಟು, ರುಚಿಯಾಗಿದೆಯೇ ಎಂದು ಕೇಳಿದರು. ಕಸ್ತೂರಕ್ಕ ಆಗಿದೆಯೆಂದು ತಲೆಯಾಡಿಸಿದರು. ಸೋಪಿನ ಡಬ್ಬಿ ಬೇರೆ ಹೇಳಿತು.

"ಉಪ್ಪಿಲ್ಲ. ಇವತ್ತೂ ಉಪ್ಪಿಲ್ಲ."

ಗಂಡ ನಕ್ಕು ಉಪ್ಪು ತಂದರು. ಎರಡು ದಿನ ಬಿಟ್ಟು ಪಕ್ಕದ ಮನೆಯ ಗಿರಿಜವ್ವ ಸೊಸೆಯ ದೂರು ಹೇಳುತ್ತ ಕೂತಿದ್ದಾಗ, ಯಾವಾಗ ಎದ್ದು ಹೋಗುತ್ತಾಳೋ ಎಂದು ಡಬ್ಬಿ ಕೇಳಿತು. ಬಸ್ಸಿನ ವೇಳೆ ಸಾರುವ ಅದೇ ಸ್ಪಷ್ಟ, ಸಾವಧಾನದ ಧ್ವನಿಯಲ್ಲಿ. ಗಿರಿಜವ್ವ ಅರ್ಧ ಮಾತಿಗೆ ನಿಲ್ಲಿಸಿ ಎದ್ದುಹೋದಳು. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಕಸ್ತೂರಕ್ಕ ತಾವಾಗಿ ಅವಳ ಮನೆಗೆ ಹೋಗಿ ತಪ್ಪಾಯಿತೆಂದು ಹೇಳಿದರು. ಹೇಳಿ ಮುಗಿಸುವ ಮುಂಚೆಯೇ, ನಾನೇನು ಸುಳ್ಳು ಅಂದಿಲ್ಲವಲ್ಲ ಎಂದು ಡಬ್ಬಿ ಸೇರಿಸಿತು.

ಅಲ್ಲಿಂದ ಅವರು ಮನೆಯೊಳಗೇ ಶತಪಥ ಹಾಕತೊಡಗಿದರು. ಯಾರಾದರೂ ಬಂದರೆ ಒಳಗೆ ಹೋಗುವರು. ಗಂಡನ ಮುಂದೆ ಕೂತಾಗಲೂ ಕೈ ಗದ್ದದ ಕೆಳಗಿನ ಬಿಲ್ಲೆಗಳ ಮೇಲೇ ಇರುತ್ತಿತ್ತು, ಬಾಯಿ ಮುಚ್ಚಿಕೊಂಡವರ ಹಾಗೆ. ಡಬ್ಬಿ ತೆಗೆದಿಟ್ಟರೆ ಮಗಳ ಜೊತೆ ಫೋನಿನಲ್ಲಿ ಮಾತಾಡುವ ಹಾಗಿಲ್ಲ. ಹಾಕಿಕೊಂಡರೆ ಏನು ಹೊರಬೀಳುವುದೋ ಎಂಬ ದಿಗಿಲು. ಭಾನುವಾರ ಮಗಳ ಫೋನ್ ಬಂದಾಗ ಎರಡು ಮಾತಾಡಿ, ಬ್ಯಾಟರಿ ಮುಗಿಯಿತೆಂದು ಹೇಳಿ ಬಿಲ್ಲೆ ಕಿತ್ತಿಡುವರು.

ಜೂನ್ ಮೊದಲ ವಾರ ಫಕೀರಪ್ಪ ಪಾಲಿಟೆಕ್ನಿಕ್ಕಿಗೆ ಬಂದರು. ಹೆಂಡತಿಯನ್ನು ಕರೆತಂದಿರಲಿಲ್ಲ. ಬಹಳ ಹೊತ್ತು ಆ ಮಾತು ಈ ಮಾತು ಆಡಿದರು. ಕಡೆಗೆ, ಮೊದಲು ಮನೆಯಲ್ಲಿ ಮೌನವಿತ್ತು, ಅದಕ್ಕೆ ಹೇಗೋ ಒಗ್ಗಿಕೊಂಡಿದ್ದೆವು, ಈಗ ಇಬ್ಬರೂ ಹೆದರಿಕೊಂಡು ಕೂರುತ್ತೇವೆ ಎಂದರು. ಇದನ್ನು ಸರಿಮಾಡಲು ಆಗುವುದಿಲ್ಲವೇ ಎಂದು ಕೇಳಿದರು.

*

ಸರಿಮಾಡಲು ವಿಶಾಲಾಕ್ಷಿ ಒಂದು ವಾರ ಒದ್ದಾಡಿದಳು. ಪ್ರತಿಯೊಂದು ಮಿಡಿತಕ್ಕೂ ಚಿಪ್ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಿತ್ತು. ಅರವತ್ತು ದಾಟಿದರೆ ಡಬ್ಬಿ ಆ ಮಾತನ್ನು ನುಡಿಯುವುದು. ಆ ಮಿತಿಯನ್ನು ಎಂಬತ್ತೈದಕ್ಕೆ ಏರಿಸಿದರೆ ನುಂಗಿದ ಮಾತು ಒಂದೂ ಹೊರಬರುತ್ತಿರಲಿಲ್ಲ, ಆದರೆ ಆಡಬೇಕೆಂದು ಆಡಿದ್ದರಲ್ಲೂ ಅರ್ಧ ಉದುರಿಹೋಗುತ್ತಿತ್ತು. ಎಪ್ಪತ್ತಕ್ಕೆ ಇಳಿಸಿದರೆ ಎರಡೂ ಬೆರೆತು ಬರುತ್ತಿದ್ದವು. ಗಂಟಲಿರುವವರಲ್ಲಿ ಹೀಗಾಗುವುದಿಲ್ಲ ಎಂಬುದನ್ನು ಅವಳು ತನ್ನ ಮೇಲೇ ಬಿಲ್ಲೆ ಅಂಟಿಸಿ ನೋಡಿದಳು. ಬೇಡವೆಂದ ಮಾತನ್ನು ನಾವು ನಾಲಿಗೆಗೆ ಬರುವ ಮುಂಚೆಯೇ ಹಿಡಿಯುತ್ತೇವೆ. ಕಸ್ತೂರಕ್ಕ ಒಂದು ವರ್ಷ ಏನು ಅಂದರೂ ಯಾರಿಗೂ ಕೇಳುತ್ತಿರಲಿಲ್ಲ. ಹಿಡಿಯುವ ಅಭ್ಯಾಸವೇ ಅವರಿಗೆ ತಪ್ಪಿಹೋಗಿತ್ತು.

ಆಡಿದ ಮಾತು ಯಾವುದು, ನುಂಗಿದ್ದು ಯಾವುದು ಎಂದು ಚಿಪ್ಪಿಗೆ ಕಲಿಸಬೇಕಾದರೆ ಎರಡರ ಮಾದರಿಯೂ ಬೇಕು. ಅದಕ್ಕಾಗಿ ಅವಳು ಪ್ರೋಗ್ರಾಮಿಗೆ ಮೂರು ಸಾಲು ಸೇರಿಸಿದಳು. ಇನ್ನು ಮುಂದೆ ಡಬ್ಬಿ ನುಡಿಯಲಿ ಬಿಡಲಿ, ಹಿಡಿದ ಪ್ರತಿಯೊಂದು ಮಾತನ್ನೂ ಅದರ ಅಂಕ ಮತ್ತು ಸಮಯದೊಡನೆ ಇನ್ನೊಂದು ಮೆಮೊರಿ ಕಾರ್ಡಿನಲ್ಲಿ ಬರೆದಿಡುತ್ತಿತ್ತು. ಮಿತಿಯನ್ನು ಎಂಬತ್ತೈದಕ್ಕಿಟ್ಟು ಡಬ್ಬಿಯನ್ನು ಮರಳಿ ಕೊಟ್ಟಳು. ಎರಡು ವಾರ ಹೀಗೇ ಬಳಸಿ, ಕೆಲವು ಮಾತು ಬಿಟ್ಟುಹೋದಾವು ಎಂದಳು. ಆ ಮೂರು ಸಾಲಿನ ಸುದ್ದಿ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಅದು ಹೇಳುವಂಥ ವಿಷಯವೆಂದು ಅವಳಿಗೆ ತೋಚಲೇ ಇಲ್ಲ. ಕಂಪನಿಗೆ ಕಳಿಸುವ ಮಧ್ಯಂತರ ವರದಿಯಲ್ಲಿ ಮಾತ್ರ ಒಂದು ವಾಕ್ಯ ಬರೆದಳು: ಆಡದೆ ತಡೆದ ಮಾತುಗಳೂ ದಾಖಲಾಗುತ್ತಿವೆ.

ಜೂನ್ ಕೊನೆಯ ಶುಕ್ರವಾರ ಆ ಕಾರ್ಡನ್ನು ತಂದು ಕಂಪ್ಯೂಟರಿಗೆ ಹಾಕಿದಳು. ಸಾಲುಗಳು ಪರದೆಯ ಮೇಲೆ ಉರುಳಿದವು. ಎಡಕ್ಕೆ ಸಮಯ, ನಡುವೆ ಅಂಕ, ಬಲಕ್ಕೆ ಮಾತು. ಅವಳಿಗೆ ಬೇಕಾದದ್ದು ಅಂಕಗಳು ಮಾತ್ರ. ಆದರೆ ಕಣ್ಣು ಬಲಕ್ಕೇ ಹೋಗುತ್ತಿತ್ತು.

ನೋವು. ನೋವು. ನೀರು ಕುಡಿಯೂದು ಬ್ಯಾಡ. ನೋವು.

ಆ ಪದ ಎಷ್ಟು ಸಲ ಇದೆಯೆಂದು ಹುಡುಕಿಸಿದಳು. ಹದಿನಾಲ್ಕು ದಿನದಲ್ಲಿ ಮುನ್ನೂರ ಹನ್ನೆರಡು ಸಲ. ಹೆಚ್ಚಿನವು ಊಟದ ಹೊತ್ತಿನಲ್ಲಿ, ಮಾತ್ರೆಯ ಹೊತ್ತಿನಲ್ಲಿ. ಒಂದೂ ಮಿತಿ ದಾಟಿರಲಿಲ್ಲ, ಡಬ್ಬಿ ಒಂದನ್ನೂ ನುಡಿದಿರಲಿಲ್ಲ. ನಡುನಡುವೆ ಬೇರೆ ಸಾಲುಗಳಿದ್ದವು. ದಾಕ್ಷಾಗ ತಿಳಿದ್ರ ಬಿಟ್ಟು ಬರತಾಳ. ಆಗಸ್ಟ್ ತನಕ. ಆಗಸ್ಟ್ ತನಕ ತಡೀಬೇಕು. ಭಾನುವಾರದ ಸಾಲುಗಳು ಇವೇ ತುಂಬಿದ್ದವು.

ವಿಶಾಲಾಕ್ಷಿ ಎದ್ದು ಕಿಟಕಿಯ ಹತ್ತಿರ ಹೋದಳು. ಮತ್ತೆ ಬಂದು ಕೂತಳು, ಮತ್ತೆ ಎದ್ದಳು. ಕ್ಯಾನ್ಸರ್ ಆದ ಕೊರಳಲ್ಲಿ ಹೊಸ ನೋವು ಎಂದರೆ ಏನಿರಬಹುದೆಂದು ಅವಳಿಗೆ ಗೊತ್ತಿತ್ತು. ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗಬೇಕಿದ್ದ ಕಸ್ತೂರಕ್ಕ ಏಪ್ರಿಲ್‌ನಲ್ಲಿ ಹೋಗಿರಲಿಲ್ಲ ಎಂಬುದೂ ನೆನಪಾಯಿತು. ಬೋರ್ಡಿನ ಅಭ್ಯಾಸ ತಪ್ಪುತ್ತದೆಂದು ನೆವ ಹೇಳಿದ್ದರು. ಆಗ ಅವಳಿಗೆ ಅದು ಹೆಮ್ಮೆಯಾಗಿ ಕಂಡಿತ್ತು.

ಫಕೀರಪ್ಪನವರಿಗೆ ಫೋನ್ ಮಾಡಲು ಎರಡು ಸಲ ಕೈಗೆತ್ತಿಕೊಂಡು ಕೆಳಗಿಟ್ಟಳು. ಹೇಳಿದರೆ ಹೇಗೆ ತಿಳಿಯಿತೆಂದು ಹೇಳಬೇಕು. ಹೇಳದಿದ್ದರೆ ಆಗಸ್ಟ್ ಬರುವಷ್ಟರಲ್ಲಿ ಏನಾಗುವುದೋ.

ಸಂಜೆ ಮನೆಗೆ ಹೋದವಳು ಅಪ್ಪನ ಕುಲುಮೆಯ ಪಕ್ಕ ಕೂತಳು. ಹೆಸರು ಹೇಳದೆ ಕೇಳಿದಳು: ಯಾರೋ ನಂಬಿ ಕೊಟ್ಟದ್ದನ್ನು ಕೆಲಸದ ನೆವದಲ್ಲಿ ಬಿಚ್ಚಿ ನೋಡಿಬಿಟ್ಟರೆ, ಒಳಗೆ ಅವರಿಗೆ ಕೇಡಾಗುವಂಥದ್ದು ಕಂಡರೆ, ಏನು ಮಾಡಬೇಕು? ವೀರಭದ್ರಪ್ಪ ಊದುಗೊಳವೆಯನ್ನು ಬಾಯಿಂದ ತೆಗೆದು ಮಗಳ ಮುಖ ನೋಡಿದರು.

"ಬಂಗಾರ ಕರಗಿಸಿದಾಗ ಒಳಗ ತಾಮ್ರ ಎಷ್ಟೈತಿ ಅಂತ ಪತ್ತಾರಗ ಗೊತ್ತಾಗಿಬಿಡತೈತಿ. ಬಂಗಾರ ತಂದಾಕಿ ಗಂಡಗ ಹೇಳಬಾರದು, ಅತ್ತಿಗೂ ಹೇಳಬಾರದು. ತಂದಾಕಿಗೆ ಹೇಳಬೇಕು. ಆಕಿ ಒಬ್ಬಾಕಿಗೆ. ಮತ್ತ ಕುಲುಮಿ ಹಚ್ಚಿದಾವ ನಾನ ಅಂತನೂ ಹೇಳಬೇಕು."

*

ಮರುದಿನ ಫಕೀರಪ್ಪ ಸಂತೆಗೆ ಹೋದ ಹೊತ್ತು ನೋಡಿ ವಿಶಾಲಾಕ್ಷಿ ಅವರ ಮನೆಗೆ ಹೋದಳು. ಕಸ್ತೂರಕ್ಕ ಅಕ್ಕಿ ಆರಿಸುತ್ತಿದ್ದವರು ಮೊರವನ್ನು ಪಕ್ಕಕ್ಕಿಟ್ಟರು. ವಿಶಾಲಾಕ್ಷಿ ಕೂರಲಿಲ್ಲ. ಮೂರು ಸಾಲಿನಿಂದ ಶುರುಮಾಡಿ ಎಲ್ಲವನ್ನೂ ಹೇಳಿದಳು. ತಾನು ಓದಿದ್ದನ್ನು ಹೇಳಿದಳು. ಮುನ್ನೂರ ಹನ್ನೆರಡು ಎಂದಳು. ಆಸ್ಪತ್ರೆಗೆ ಹೋಗಬೇಕು ಅಕ್ಕಾರ, ಆಗಸ್ಟ್ ತನಕ ಕಾಯಬಾರದು ಎಂದಳು.

ಕಸ್ತೂರಕ್ಕ ತುಟಿಗಳನ್ನು ಅಗಲಿಸಿ, ಒಂದೊಂದೇ ಮಾತನ್ನು ಮಿತಿ ದಾಟುವಷ್ಟು ಒತ್ತಿ ಆಡಿದರು. ಡಬ್ಬಿ ಒಂದನ್ನೂ ಬಿಡಲಿಲ್ಲ.

"ಗಂಟಲಾ ಡಾಕ್ಟರು ತಗದ್ರು, ನನ್ನ ಕೇಳಿ ತಗದ್ರು. ಒಳಗ ಉಳಿದದ್ದನ್ನ ನೀವು ಕೇಳದ ತಗೊಂಡ್ರಿ."

ವಿಶಾಲಾಕ್ಷಿ ತಪ್ಪಾಯಿತೆಂದಳು.

"ಇನ್ನ ನಾ ಎಲ್ಲಿ ಮಾತಾಡಬೇಕು, ತಂಗಿ? ಯಾರಿಗೂ ಕೇಳಬಾರದ್ದು ಅನ್ನೂದನ್ನ ಎಲ್ಲಿ ಆಡಬೇಕು?"

ಕಸ್ತೂರಕ್ಕ ತುಟಿ ಬಿಗಿದು ಮುಚ್ಚಿದರು. ಆಗ ಆ ಮುಚ್ಚಿದ ಬಾಯಿಂದ, ಎಂಬತ್ತೈದರ ಮಿತಿಯನ್ನೂ ದಾಟಿ, ಡಬ್ಬಿ ನುಡಿಯಿತು.

"ಹೆದರಿಕಿ ಆಗತೈತಿ."

ಧ್ವನಿ ಬಸ್ ನಿಲ್ದಾಣದ್ದೇ. ಅದರಲ್ಲಿ ಹೆದರಿಕೆಯ ಸುಳಿವೂ ಇರಲಿಲ್ಲ. ಕಸ್ತೂರಕ್ಕ ಬಿಲ್ಲೆಗಳನ್ನು ಒಂದೇ ಸಲಕ್ಕೆ ಕಿತ್ತರು. ಚರ್ಮ ಕೆಂಪಾಯಿತು. ಡಬ್ಬಿಯನ್ನು ವಿಶಾಲಾಕ್ಷಿಯ ಕೈಗಿತ್ತು ಬಾಗಿಲು ತೋರಿಸಿದರು.

*

ಎರಡು ದಿನ ಬಿಟ್ಟು ಮಧ್ಯಂತರ ವರದಿಗೆ ಕಂಪನಿಯಿಂದ ಉತ್ತರ ಬಂತು. ಅವರ ಮಾತಿನಲ್ಲಿ ಉತ್ಸಾಹ ತುಳುಕುತ್ತಿತ್ತು. ಬೇರೆ ನಾಲ್ಕು ಕಾಲೇಜಿನವರು ಆಡಿದ ಮಾತನ್ನಷ್ಟೇ ಹಿಡಿದಿದ್ದಾರೆ, ತಡೆದ ಮಾತಿನ ದಾಖಲೆ ನಿಮ್ಮಲ್ಲಿ ಮಾತ್ರ ಇದೆ, ಆರು ತಿಂಗಳವರೆಗೆ ಕಾಯಬೇಡಿ, ಇದ್ದಷ್ಟನ್ನು ಈಗಲೇ ಕಳಿಸಿ ಎಂದಿದ್ದರು. ಜನ ಹೇಳುವುದಕ್ಕಿಂತ ಹೇಳದೆ ಬಿಡುವುದೇ ಮುಂದಿನ ದಿನಗಳಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದೂ ಬರೆದಿದ್ದರು. ಅಂಗಡಿಯಲ್ಲಿ, ಸಂದರ್ಶನದಲ್ಲಿ, ಠಾಣೆಯಲ್ಲಿ ಎಂದು ಉದಾಹರಣೆಗಳಿದ್ದವು.

ಠಾಣೆ ಎಂಬ ಪದದ ಮೇಲೆ ವಿಶಾಲಾಕ್ಷಿಯ ಕಣ್ಣು ನಿಂತಿತು. ಆ ಸೋಪಿನ ಡಬ್ಬಿಯನ್ನು ಯಾರ ಯಾರ ಗದ್ದಕ್ಕೆ ಕಟ್ಟಬಹುದು ಎಂದು ಯೋಚಿಸಿದಳು. ಗಂಟಲಿದ್ದವರಿಗೂ ಇನ್ನಷ್ಟು ಚುರುಕಾದ ಬಿಲ್ಲೆ ಬಂದರೆ ಸಾಕು. ಆಮೇಲೆ ಯಾರೂ ಏನನ್ನೂ ನುಂಗುವ ಹಾಗಿಲ್ಲ.

ಪ್ರಾಂಶುಪಾಲರ ಕೋಣೆಗೆ ಹೋಗಿ ದಾಖಲೆ ಕಳಿಸುವುದಿಲ್ಲ ಎಂದಳು. ಇಪ್ಪತ್ತು ಬೋರ್ಡು ಕೈತಪ್ಪುತ್ತದೆ, ಕಾಲೇಜಿನ ಹೆಸರು ಪಟ್ಟಿಯಿಂದ ಹೋಗುತ್ತದೆ, ಎಷ್ಟು ಹುಡುಗಿಯರ ಕಲಿಕೆಗೆ ಆಗುತ್ತಿತ್ತು ನೋಡಿ ಎಂದು ಅವರು ವಿವರಿಸಿದರು. ಎಲ್ಲವೂ ನಿಜವಿತ್ತು. ಅವಳು ಹಿಂದಿರುಗಿ ಬಂದು ದಾಖಲೆಯ ಕಾರ್ಡನ್ನು ಅಳಿಸಿ, ಅಳಿಸಿದ ಜಾಗದ ಮೇಲೆ ಸೊನ್ನೆಗಳನ್ನು ಬರೆಸಿ, ಕಡೆಗೆ ಅದೂ ಸಾಲದೆನಿಸಿ ಕಾರ್ಡನ್ನೇ ಇಕ್ಕಳದಲ್ಲಿ ಮುರಿದಳು. ಪ್ರೋಗ್ರಾಮಿನ ಆ ಮೂರು ಸಾಲನ್ನೂ ತೆಗೆದಳು. ಮನಸ್ಸು ಹಗುರಾಗಲಿಲ್ಲ. ಅಳಿಸಬಾರದ ಒಂದೇ ಒಂದು ಸಂಗತಿ ಅವಳ ತಲೆಯಲ್ಲಿ ಉಳಿದಿತ್ತು, ಮತ್ತು ದಿನಗಳು ಹೋಗುತ್ತಿದ್ದವು. ಪಾಠ ಮಾಡುವಾಗ ಮಾತು ತಪ್ಪುತ್ತಿತ್ತು. ಫೋನ್ ಸದ್ದಾದರೆ ಬೆಚ್ಚುತ್ತಿದ್ದಳು.

ಒಂಬತ್ತನೆಯ ದಿನ ಮಧ್ಯಾಹ್ನ ಕಸ್ತೂರಕ್ಕ ಒಬ್ಬರೇ ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಮಗಳ ಹಳೆಯ ನೋಟ್‌ಬುಕ್. ಒಳಗೆ ಬಂದು ಕೂತು, ಬರೆದು ತಂದಿದ್ದ ಪುಟ ತೆರೆದು ಮುಂದಿಟ್ಟರು.

ನನ್ನ ಮೈಕಿಗೆ ಒಂದು ಸ್ವಿಚ್ ಇತ್ತು, ಎಂದು ಬರೆದಿದ್ದರು. ಒತ್ತಿದರ ಊರಿಗೆ. ಬಿಟ್ಟರ ನನಗ. ಇಪ್ಪತ್ತೇಳು ವರ್ಷ ಒಮ್ಮಿನೂ ತಪ್ಪಿಲ್ಲ. ನಿಮ್ಮ ಡಬ್ಬಿಗಿ ಸ್ವಿಚ್ ಯಾಕಿಲ್ಲ?

ವಿಶಾಲಾಕ್ಷಿ ಡಬ್ಬಿಯನ್ನು ತಂದು ಮುಚ್ಚಳ ತೆಗೆದಳು. ಬೋರ್ಡಿನ ಮೇಲೆ ಗುಂಡಿಯಿತ್ತು. ಇಂಥ ಎಲ್ಲ ಬೋರ್ಡಿನ ಮೇಲೂ ಬಳಸುವವರ ಇಷ್ಟಕ್ಕೆಂದೇ ಒಂದು ಗುಂಡಿ ಇರುತ್ತದೆ. ಮಾತನ್ನು ಚಿಪ್ಪೇ ತಾನಾಗಿ ಗುರುತಿಸಬೇಕು, ಮನುಷ್ಯರು ಗುಂಡಿ ಒತ್ತುವಂತಿದ್ದರೆ ಅದೆಂಥ ಬುದ್ಧಿವಂತ ಯಂತ್ರ ಎಂದು ಅವಳು ಅದರ ಕಡೆ ನೋಡಿಯೇ ಇರಲಿಲ್ಲ. ಮಿತಿಗಾಗಿ ವಾರಗಟ್ಟಲೆ ಗುದ್ದಾಡಿದ್ದಳು. ನುಡಿಯುವುದು, ಬಿಡುವುದು ಯಾರ ಕೈಯಲ್ಲಿರಬೇಕೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಕಸ್ತೂರಕ್ಕನ ಮುಂದೆಯೇ ಕೆಲಸಕ್ಕೆ ಕೂತಳು. ಪ್ರೋಗ್ರಾಮಿನಲ್ಲಿ ಹನ್ನೊಂದು ಸಾಲು ಸಾಕಿತ್ತು. ಆದರೆ ಸಾಲುಗಳನ್ನು ಬರೆದವರೇ ಬದಲಿಸಲೂಬಹುದು. ಅದನ್ನು ಅವಳು ಬಾಯಿಬಿಟ್ಟು ಹೇಳಿದಳು. ಹೇಳಿ, ಬಿಲ್ಲೆಗಳ ಮಿಡಿತವನ್ನು ದೊಡ್ಡದು ಮಾಡುವ ಆಂಪ್ಲಿಫೈಯರಿಗೆ ಬ್ಯಾಟರಿಯಿಂದ ಹೋಗುವ ಕೆಂಪು ತಂತಿಯನ್ನು ಕತ್ತರಿಸಿದಳು. ಕತ್ತರಿಸಿದ ಎರಡು ತುದಿಗಳ ನಡುವೆ ಬೇರೊಂದು ಗುಂಡಿಯನ್ನು ಬೆಸೆದಳು. ಹೆಬ್ಬೆರಳಿಗೆ ಹೊಂದುವಂತೆ ಡಬ್ಬಿಯ ಬದಿಯಲ್ಲಿ ಅದನ್ನು ಕೂರಿಸಿದಳು. ಈಗ ಗುಂಡಿ ಒತ್ತದಿದ್ದರೆ ಡಬ್ಬಿ ಮೂಗ ಮಾತ್ರವಲ್ಲ, ಕಿವುಡೂ ಆಗಿರುತ್ತಿತ್ತು. ಒಳಗಿನದನ್ನು ಬರೆದಿಡಲು ಅದಕ್ಕೆ ಕೇಳುವುದೇ ಇಲ್ಲ. ಮಿತಿಯನ್ನು ಐವತ್ತಕ್ಕೆ ಇಳಿಸಿದಳು, ಒತ್ತಿದಾಗ ಒಂದು ಮಾತೂ ಬಿಟ್ಟುಹೋಗದಿರಲೆಂದು.

ಕಸ್ತೂರಕ್ಕ ತಂತಿಯನ್ನು ತಾವೇ ಬೆರಳಿನಿಂದ ಎಳೆದು ನೋಡಿದರು. ಬಿಲ್ಲೆ ಅಂಟಿಸಿಕೊಂಡರು. ಗುಂಡಿ ಬಿಟ್ಟು, ತುಟಿ ಮುಚ್ಚಿ, ಬಹಳ ಹೊತ್ತು ಏನನ್ನೋ ಅಂದುಕೊಳ್ಳುತ್ತ ಕೂತರು. ಡಬ್ಬಿ ಸುಮ್ಮನಿತ್ತು. ಆಮೇಲೆ ಗುಂಡಿ ಒತ್ತಿದರು.

"ನಾಳಿಗೆ ಹುಬ್ಬಳ್ಳಿ ಆಸ್ಪತ್ರಿಗೆ ಹೋಗೂಣು. ನೀವೂ ಬರ್ರಿ."

*

ಡಾಕ್ಟರ ಎದುರು ಮೂರು ಕುರ್ಚಿ. ತಪಾಸಣೆ ಒಂದು ತಪ್ಪಿದ್ದಕ್ಕೆ ಬಂದಿದ್ದೇವೆಂದು ಫಕೀರಪ್ಪ ನಂಬಿದ್ದರು. ಡಾಕ್ಟರು ಹಳೆಯ ಕಡತ ತಿರುವಿ, ನೋವೇನಾದರೂ ಇದೆಯೇ ಎಂದು ಕೇಳಿದರು. ಒಂದು ವರ್ಷದಿಂದ ಹೆಂಡತಿಯ ಪರವಾಗಿ ಉತ್ತರಿಸಿ ರೂಢಿಯಾಗಿದ್ದ ಫಕೀರಪ್ಪ, ನೋವೇನಿಲ್ಲ, ಊಟ ಸರಿಯಾಗಿ ಹೋಗುತ್ತಿದೆ ಎಂದರು. ಡಾಕ್ಟರು ಅದನ್ನೇ ಬರೆದುಕೊಳ್ಳತೊಡಗಿದರು.

ಕಸ್ತೂರಕ್ಕ ಮೇಜಿನ ಅಂಚನ್ನು ನೋಡುತ್ತಿದ್ದರು. ಹೆಬ್ಬೆರಳು ಗುಂಡಿಯ ಮೇಲಿತ್ತು, ಒತ್ತಿರಲಿಲ್ಲ.

ವಿಶಾಲಾಕ್ಷಿಗೆ ಮಾತು ನಾಲಿಗೆಯ ತುದಿಗೆ ಬಂತು. ಸಂಖ್ಯೆ ಗೊತ್ತು, ಹೊತ್ತು ಗೊತ್ತು, ಯಾಕೆ ಮುಚ್ಚಿಟ್ಟರೆಂಬುದೂ ಗೊತ್ತು. ಡಾಕ್ಟರ ಪೆನ್ನು ಸಾಲಿನ ಕೊನೆಗೆ ಬರುತ್ತಿತ್ತು. ಅವಳು ದವಡೆಯನ್ನು ಬಿಗಿಹಿಡಿದು, ತನ್ನ ಸೀರೆಯ ನಿರಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕೂತಳು. ಈ ಮಾತು ತನ್ನದಲ್ಲ. ಡಾಕ್ಟರು ಪುಟ ಮಗುಚಿದರು.

ಹೆಬ್ಬೆರಳು ಒತ್ತಿತು.

"ಐತ್ರಿ. ನೋವು ಐತಿ. ಮೂರು ತಿಂಗಳಾತು. ಇವರಿಗೆ ನಾನ ಹೇಳಿಲ್ಲ."

ಫಕೀರಪ್ಪ ಹೆಂಡತಿಯತ್ತ ತಿರುಗಿದರು. ದಿನಾ ಮುಂದೆ ಕೂತು ಉಣಿಸಿದವನು ನಾನು, ನುಂಗುವಾಗಲೂ ನೋಯುತ್ತಿತ್ತೇ ಎಂದು ಕೇಳಿದರು. ಕಸ್ತೂರಕ್ಕ ಗುಂಡಿ ಒತ್ತಲಿಲ್ಲ. ತಲೆಯಾಡಿಸಿ ಹೌದೆಂದರು, ಗಂಡನ ಕೈಯನ್ನು ಹಿಡಿದುಕೊಂಡರು.

ಕೊರಳ ಎಡಗಡೆಯ ಒಂದು ಗಂಟಿಗೆ ಕಾಯಿಲೆ ಮರಳಿ ಬಂದಿತ್ತು. ಇನ್ನೂ ಎರಡು ತಿಂಗಳು ಬಿಟ್ಟು ಬಂದಿದ್ದರೆ ನಾನೇನೂ ಭರವಸೆ ಹೇಳುವ ಹಾಗಿರಲಿಲ್ಲ, ಈಗ ಹೇಳಬಹುದು ಎಂದರು ಡಾಕ್ಟರು. ಮುಂದಿನ ವಾರದಿಂದಲೇ ವಿಕಿರಣ ಚಿಕಿತ್ಸೆ ಶುರುವಾಯಿತು. ಮೂವತ್ತು ಸಲ ಹುಬ್ಬಳ್ಳಿಗೆ ಹೋಗಿ ಬರಬೇಕಿತ್ತು, ಹೋಗಿ ಬಂದರು. ಗಂಟು ಕರಗಿದೆ ಎಂದು ಸೆಪ್ಟೆಂಬರಿನಲ್ಲಿ ಹೇಳಿದರು. ಪೂರಾ ಹೋಗಿದೆ ಎಂದು ಹೇಳಲಿಲ್ಲ, ಡಿಸೆಂಬರಿನಲ್ಲಿ ಮತ್ತೆ ನೋಡೋಣ ಎಂದರು. ಕಂಪನಿ ತನ್ನ ಎರಡನೆಯ ಹಂತಕ್ಕೆ ಬೇರೊಂದು ಕಾಲೇಜನ್ನು ಆರಿಸಿಕೊಂಡಿತು. ಆ ಕಾಲೇಜಿಗೆ ವಿಶಾಲಾಕ್ಷಿ ಗುಂಡಿಯ ವಿಷಯ ಬರೆದು ಎರಡು ಪತ್ರ ಹಾಕಿದಳು. ಒಂದಕ್ಕೂ ಉತ್ತರ ಬಂದಿಲ್ಲ, ಮೂರನೆಯದನ್ನು ಬರೆಯುತ್ತಿದ್ದಾಳೆ.

ಆದರೆ ಇವೆಲ್ಲಕ್ಕೂ ಮುಂಚೆ, ಆಸ್ಪತ್ರೆಗೆ ಹೋಗಿಬಂದ ವಾರದ ಭಾನುವಾರ, ದಾಕ್ಷಾಯಣಿಗೆ ತಿಳಿಸಬೇಕಿತ್ತು. ತಾನು ಹೇಳುತ್ತೇನೆಂದು ಫಕೀರಪ್ಪ ಅಂದರು. ಕಸ್ತೂರಕ್ಕ ಬೇಡವೆಂದರು. ವಿಶಾಲಾಕ್ಷಿ ಹೊಸ ಬ್ಯಾಟರಿ ಹಾಕಿಕೊಡಲು ಬಂದಿದ್ದಳು. ಫೋನಿನಲ್ಲಿ ಮಗಳ ಮುಖ ಮೂಡಿತು, ಮೈದಾನದಿಂದ ಆಗಷ್ಟೇ ಬಂದವಳ ಹಾಗೆ ಹಣೆಯ ಮೇಲೆ ಬೆವರಿತ್ತು. ಕಸ್ತೂರಕ್ಕ ಫೋನನ್ನು ಗೋಡೆಗೆ ಒರಗಿಸಿ ಅದರ ಎದುರು ನೆಟ್ಟಗೆ ಕೂತು ಗುಂಡಿ ಒತ್ತಿದರು.

ವಿಶಾಲಾಕ್ಷಿ ಚಪ್ಪಲಿ ಮೆಟ್ಟಿ ಹೊರಗೆ ಬಂದಳು. ಹೊಸ್ತಿಲಾಚೆಗೂ ಆ ಧ್ವನಿ ಕೇಳುತ್ತಿತ್ತು. ಅದರ ಒಂದೊಂದು ಅಕ್ಷರವನ್ನೂ ತನ್ನ ಕೈಯಾರೆ ಕತ್ತರಿಸಿಟ್ಟವಳು ಅವಳು, ಎಷ್ಟು ದೂರದಿಂದಲೂ ಗುರುತು ಹಿಡಿಯಬಲ್ಲಳು. ಅಂಗಳ ದಾಟಿದಳು. ಓಣಿಯ ತಿರುವಿನವರೆಗೆ ನಡೆದಳು. ಅಲ್ಲಿಗೂ ತುಸು ಬರುತ್ತಿತ್ತು. ಇನ್ನೂ ಮುಂದೆ ನಡೆದು, ದೊಡ್ಡ ರಸ್ತೆಗೆ ಬಂದು, ಲಾರಿಗಳ ಸದ್ದಿನಲ್ಲಿ ಏನೂ ಕೇಳಿಸದ ಜಾಗದಲ್ಲಿ ನಿಂತಳು.

ಆಮೇಲೆ ತಿಳಿದದ್ದು ಇಷ್ಟೇ: ಮಗಳು ಅತ್ತಳು, ಬಿಟ್ಟು ಬರುತ್ತೇನೆಂದಳು, ಆದರೆ ಬಿಟ್ಟು ಬರಲಿಲ್ಲ. ನಾಲ್ಕು ದಿನದ ರಜೆಯಲ್ಲಿ ಬಂದು ತಾಯಿಯ ಪಕ್ಕ ಇದ್ದು, ಮರಳಿ ಹೋಗಿ ಆಗಸ್ಟ್ ಕೊನೆಗೆ ತರಬೇತಿ ಮುಗಿಸಿದಳು. ಆ ಭಾನುವಾರ ಕಸ್ತೂರಕ್ಕ ಹನ್ನೊಂದು ನಿಮಿಷ ಗುಂಡಿಯಿಂದ ಬೆರಳೆತ್ತದೆ ಮಾತಾಡಿದರಂತೆ. ಏನು ಮಾತಾಡಿದರು ಎಂಬುದು ಅವರಿಗೆ ಗೊತ್ತು, ಅವರ ಮಗಳಿಗೆ ಗೊತ್ತು. ಬೇರೆಲ್ಲಿಯೂ ಅದು ಬರೆದಿಲ್ಲ.